ಚಳಿಜ್ವರದ ರಕ್ತಪರೀಕ್ಷೆಯೂ ಊರವರ ಹೊಣೆಯೂ

(ಉಪಾಧ್ಯಾಯರೂ ಊರ ಹಿರಿಯರೂ ನೆರೆದಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಲೇರಿಯಾ ಜ್ವರದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದಾಗ ನಮಗೆ ಮೊದಲು ತೋರಿದ್ದು ಸಂಕೋಚ. ನಾವು ವೈದ್ಯರಲ್ಲ, ಕೋರ್ಟು ಕಚೇರಿಗಳ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ಅರ್ಧ ಆಯುಷ್ಯವನ್ನು ಕಳೆದ ವಕೀಲರು. ನಾಡಿ ಹಿಡಿದು ನೋಡುವ ವಿದ್ಯೆ ನಮಗೆ ಬಾರದು. ಆದರೆ ವಿಚಾರ ಮಾಡಿದಂತೆಲ್ಲ ಸಂಕೋಚವು ಕಡಿಮೆಯಾಯಿತು. ಏಕೆಂದರೆ ಈ ಜ್ವರಕ್ಕೆ ಔಷಧವನ್ನು ಹುಡುಕುವ ಕೆಲಸವನ್ನು ವೈದ್ಯರು ಎಂದೋ ಮುಗಿಸಿದ್ದಾರೆ. ಸೊಳ್ಳೆಯೇ ಅದರ ವಾಹಕವೆಂಬುದನ್ನು ಶಾಸ್ತ್ರಜ್ಞರು ಸಿದ್ಧಮಾಡಿ ತೋರಿಸಿ ನೂರು ವರುಷಗಳ ಮೇಲಾಯಿತು. ಈಗ ಉಳಿದಿರುವ ಕೆಲಸವು ಬಹುಮಟ್ಟಿಗೆ ಜನರದು. ಜ್ವರ ಬಂದವನು ಬೆರಳು ಚಾಚಿ ಎರಡು ಹನಿ ರಕ್ತವನ್ನು ಪರೀಕ್ಷೆಗೆ ಕೊಡುವನೋ ಇಲ್ಲವೋ ಎಂಬಷ್ಟರ ಮೇಲೆ ಅದು ನಿಂತಿದೆ. ಜನರ ಮನಸ್ಸನ್ನು ಒಪ್ಪಿಸುವ ಮಾತಿಗೆ ವಕೀಲನೂ ಸಲ್ಲುವನು. ಉಪಾಧ್ಯಾಯರಂತೂ ಅವನಿಗಿಂತ ನೂರುಪಾಲು ಸಲ್ಲುವರು.

ಮೊದಲು ಹಿಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಚಳಿಜ್ವರವು ಕನ್ನಡ ನಾಡಿಗೆ ಹೊಸತಲ್ಲ. ಮಲೆನಾಡಿನ ಹಿರಿಯರನ್ನು ಕೇಳಿದರೆ ಜ್ವರಗೆಡ್ಡೆ ಎಂಬ ಮಾತನ್ನು ಇಂದಿಗೂ ಹೇಳುವರು. ಮತ್ತೆ ಮತ್ತೆ ಜ್ವರ ಬಂದು ಗುಲ್ಮವು ಊದಿ, ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಮುಂದಕ್ಕೆ ಬಂದ ಮಕ್ಕಳು ಊರೂರಲ್ಲಿಯೂ ಇದ್ದರು. ಆ ಕಾಲದ ವೈದ್ಯಾಧಿಕಾರಿಗಳು ಊರಿಗೆ ಬಂದರೆ ಮೊದಲು ನೇರವಾಗಿ ಶಾಲೆಗೆ ಹೋಗುತ್ತಿದ್ದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಕೈಯಿಟ್ಟು, ನೂರಕ್ಕೆ ಎಷ್ಟು ಮಕ್ಕಳ ಗುಲ್ಮ ಬೆಳೆದಿದೆ ಎಂಬ ಲೆಕ್ಕದಿಂದ ಆ ಊರಿನ ಜ್ವರದ ಪ್ರಮಾಣವನ್ನು ಅಳೆಯುತ್ತಿದ್ದರು. ಆದುದರಿಂದ ಉಪಾಧ್ಯಾಯರೇ, ಈ ಕಾರ್ಯದಲ್ಲಿ ತಮ್ಮ ಶಾಲೆಯ ಅಂಗಳವು ಮೊದಲಿನಿಂದಲೂ ಪಾಲುಗೊಂಡಿದೆ.

1945-46ರ ಸುಮಾರಿಗೆ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರ ಮೇಲ್ವಿಚಾರಣೆಯಲ್ಲಿ ಅಂದಿನ ಮುಂಬಯಿ ಪ್ರಾಂತದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕಾರ್ಯವು ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಹಿಂದೂದೇಶದ ಗ್ರಾಮಗಳಲ್ಲಿ ಇಂಥ ವಿಸ್ತಾರವಾದ ಪ್ರಯೋಗ ನಡೆದ ಮೊದಲ ತಾಣಗಳಲ್ಲಿ ನಮ್ಮ ನಾಡೂ ಒಂದೆಂಬುದು ಅಭಿಮಾನದ ಸಂಗತಿ. ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಶಿರಸಿಯು ಮುಂಬಯಿ ಪ್ರಾಂತದ್ದು, ಮಗ್ಗುಲಿನ ಸೊರಬವು ಮೈಸೂರು ಸಂಸ್ಥಾನದ್ದು. ಆದರೆ ಈ ಗಡಿಯು ಸೊಳ್ಳೆಗೆ ತಿಳಿದಿರಲಿಲ್ಲ. ಮನುಷ್ಯರು ಗಡಿಯನ್ನಳಿಸಿ ಒಂದಾಗಲು 1956ರವರೆಗೆ ಕಾಯಬೇಕಾಯಿತು. ಜ್ವರವು ಮಾತ್ರ ನಾಡೆಲ್ಲ ಒಂದೇ ಎಂದು ಬಹುಮೊದಲೇ ಎಣಿಸಿತ್ತು! ಈ ಮಾತನ್ನು ವಿನೋದಕ್ಕಾಗಿ ಹೇಳಿದೆವೆಂದು ತಿಳಿಯಬೇಡಿರಿ. ನೆರೆಯ ಊರಿನ ಜ್ವರ ನಮಗೇನು ಎಂದು ಕುಳಿತವನ ಊರಿಗೆ ಅದು ನಾಳೆ ಬರುವುದೆಂಬುದೇ ಇದರ ತಾತ್ಪರ್ಯ.

ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತೆಂದೂ ಸುಮಾರು 8 ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು ಮಾಡಿದ್ದಾರೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಹುಟ್ಟಿತು. ಅದರ ಜಯವನ್ನು ನೋಡಿ 1958ರಲ್ಲಿ ಅದನ್ನು ನಿರ್ಮೂಲನ ಕಾರ್ಯಕ್ರಮವಾಗಿ ಮಾರ್ಪಡಿಸಿದರು. 1961ರ ಹೊತ್ತಿಗೆ ಲೆಕ್ಕಕ್ಕೆ ಬಂದ ರೋಗಿಗಳ ಸಂಖ್ಯೆ ಇಡೀ ದೇಶದಲ್ಲಿ ಸುಮಾರು 50 ಸಾವಿರಕ್ಕೆ ಇಳಿಯಿತು. ಕೋಟಿಗಳಲ್ಲಿದ್ದುದು ಸಾವಿರಗಳಿಗೆ ಇಳಿದಿತ್ತು. ಇನ್ನೇನು, ಚಳಿಜ್ವರದ ಹೆಸರು ಪಂಚಾಂಗದಿಂದಲೇ ಅಳಿದುಹೋಯಿತೆಂದು ಜನರೂ ಸರಕಾರವೂ ನಂಬಿದರು.

ಆಮೇಲೆ ಆದುದೇನು? ಸೊಳ್ಳೆಯು ಔಷಧಕ್ಕೆ ಬಗ್ಗದಂತಾಯಿತು. ಊರೂರಿನ ಕಾವಲು ಸಡಿಲವಾಯಿತು. ಜ್ವರ ಬಂದವರ ರಕ್ತವನ್ನು ನೋಡುವ ಕೆಲಸವು ನಿಧಾನವಾಯಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ಮೀರಿತು! ಹದಿನೈದೇ ವರುಷಗಳಲ್ಲಿ ಐವತ್ತು ಸಾವಿರವು ಅರವತ್ತನಾಲ್ಕು ಲಕ್ಷವಾಯಿತು. ಗೆದ್ದೆವೆಂದು ಆಯುಧವನ್ನು ಕೆಳಗಿಟ್ಟವನ ಮೇಲೆ ಶತ್ರುವು ಬೆನ್ನ ಹಿಂದಿನಿಂದ ಬಿದ್ದಂತಾಯಿತು. ಈ ಒಂದು ಸಂಗತಿಯನ್ನು ಸಭಿಕರು ಮರೆಯಬಾರದೆಂದು ನಮ್ಮ ಮೊದಲನೆಯ ಪ್ರಾರ್ಥನೆ.

ಏಕೆಂದರೆ ಈಗ ನಾವು ಮತ್ತೆ ಅಂಥದೇ ಒಂದು ಹೊಸ್ತಿಲಿನ ಮೇಲೆ ನಿಂತಿದ್ದೇವೆ. 2015ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಬಂದ ರೋಗಿಗಳು 11 ಲಕ್ಷ 69 ಸಾವಿರ. 2023ರಲ್ಲಿ 2 ಲಕ್ಷ 27 ಸಾವಿರ. ಇದು ಸಾಮಾನ್ಯವಾದ ಸಾಧನೆಯಲ್ಲ. 2030ರೊಳಗಾಗಿ ಈ ರೋಗವನ್ನು ನಿರ್ಮೂಲ ಮಾಡಬೇಕೆಂದು ಸರಕಾರವು ಸಂಕಲ್ಪ ಮಾಡಿದೆ. ನೆರೆಯ ಸಿಂಹಳ ದ್ವೀಪವು 2016ರಲ್ಲಿ, ಚೀನವು 2021ರಲ್ಲಿ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಪತ್ರವನ್ನು ಪಡೆದುವು. ಆ ಪ್ರಮಾಣಪತ್ರಕ್ಕೆ ಒಂದು ನಿಬಂಧನೆಯುಂಟು: ದೇಶದೊಳಗೇ ಒಬ್ಬರಿಂದೊಬ್ಬರಿಗೆ ಹರಡಿದ ಜ್ವರವು ಸತತವಾಗಿ ಮೂರು ವರ್ಷ ಒಂದೂ ಇರಬಾರದು, ಇಲ್ಲವೆಂಬುದಕ್ಕೆ ಸಾಕ್ಷ್ಯವೂ ಇರಬೇಕು. ನಮ್ಮ ವೃತ್ತಿಯವರಿಗೆ ಈ ಮಾತು ಬೇಗ ತಿಳಿಯುತ್ತದೆ. ನಮ್ಮೂರಲ್ಲಿ ಮಲೇರಿಯಾ ಇಲ್ಲವೆಂದು ಬಾಯಿಮಾತಿನಲ್ಲಿ ಹೇಳಿದರೆ ಯಾವ ನ್ಯಾಯಾಧೀಶನೂ ಒಪ್ಪನು. ಜ್ವರ ಬಂದವರ ರಕ್ತವನ್ನು ತೆಗೆದು ನೋಡಿ, ಅದರಲ್ಲಿ ರೋಗಾಣುವಿಲ್ಲವೆಂದು ಬರೆದಿಟ್ಟ ದಾಖಲೆಯೇ ಸಾಕ್ಷ್ಯ. ಆದಕಾರಣವೇ ವರ್ಷಕ್ಕೆ ನೂರು ಜನರಲ್ಲಿ ಹತ್ತು ಮಂದಿಯ ರಕ್ತವನ್ನಾದರೂ ನೋಡಬೇಕೆಂದು ಇಲಾಖೆಯವರು ನಿಯಮವಿಟ್ಟುಕೊಂಡಿದ್ದಾರೆ. ನೋಡದಿದ್ದರೆ ರೋಗವಿಲ್ಲವೆಂದಲ್ಲ; ರೋಗ ಕಾಣಲಿಲ್ಲವೆಂದಷ್ಟೇ ಅರ್ಥ.

ಇನ್ನು ರಕ್ತವನ್ನೇ ಏಕೆ ನೋಡಬೇಕು ಎಂಬ ಪ್ರಶ್ನೆ. 1880ರಲ್ಲಿ ಫ್ರೆಂಚ್ ವೈದ್ಯನಾದ ಲಾವೆರಾನನು ಅಲ್ಜೀರಿಯದಲ್ಲಿ ಜ್ವರಪೀಡಿತನ ರಕ್ತದಲ್ಲಿ ಈ ರೋಗಾಣುವನ್ನು ಸೂಕ್ಷ್ಮದರ್ಶಕದಿಂದ ಕಂಡನು. ಅದು ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ಹೋಗುವುದೆಂಬ ಗುಟ್ಟನ್ನು ಒಡೆದವನು ರೊನಾಲ್ಡ್ ರಾಸ್. ಈತನು 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದನು. ಮನೆಯ ಬಳಿಯ ನೀರಿನ ತೊಟ್ಟಿಯನ್ನು ಬರಿದುಮಾಡಿದರೆ ಸೊಳ್ಳೆಗಳು ಕಡಿಮೆಯಾಗುವುದನ್ನು ಅಲ್ಲಿಯೇ ಗಮನಿಸಿದನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಜ್ವರದ ಬೀಜವನ್ನು ಕಂಡನು. ಆತನಿಗೆ 1902ರಲ್ಲಿ ನೋಬೆಲ್ ಪಾರಿತೋಷಿಕವು ದೊರೆಯಿತು. ಆದರೆ ಆ ದಿನ ಆತನು ಕೊಯ್ದು ನೋಡಿದ ಸೊಳ್ಳೆಯು ಯಾರ ರಕ್ತವನ್ನು ಕುಡಿದಿತ್ತು? ಹುಸೇನ ಖಾನನೆಂಬ ಒಬ್ಬ ಬಡ ರೋಗಿಯ ರಕ್ತವನ್ನು. ಸೊಳ್ಳೆಗೊಂದಾಣೆಯಂತೆ ಹಣ ಪಡೆದು ಅವನು ತನ್ನ ಮೈಯನ್ನು ಸೊಳ್ಳೆಗಳಿಗೆ ಒಡ್ಡಿದನು. ವಿದ್ವಾಂಸನ ಬುದ್ಧಿಯಷ್ಟೇ ಅಗತ್ಯವಾಗಿದ್ದುದು ಆ ಬಡವನ ಸಮ್ಮತಿ. ಅವನು ಒಲ್ಲೆನೆಂದಿದ್ದರೆ ಆ ದಿನದ ಶೋಧವೂ ಇರಲಿಲ್ಲ. ಈಗ ನಮ್ಮಿಂದ ಕೇಳುವುದು ಮೈಯನ್ನು ಸೊಳ್ಳೆಗೆ ಒಡ್ಡುವುದನ್ನಲ್ಲ, ಎರಡೇ ಹನಿ ರಕ್ತವನ್ನು.

ರೋಗದ ನಡೆಯನ್ನು ಸ್ವಲ್ಪ ತಿಳಿದರೆ ಪರೀಕ್ಷೆಯ ಅಗತ್ಯವು ತಾನೇ ಮನದಟ್ಟಾಗುವುದು. ಅನಾಫಿಲೀಸ್ ಜಾತಿಯ ಹೆಣ್ಣುಸೊಳ್ಳೆಯು ಮುಸ್ಸಂಜೆಯಿಂದ ನಸುಕಿನವರೆಗೆ ಕಚ್ಚುವುದು. ರೋಗಿಯ ರಕ್ತವನ್ನು ಕುಡಿದ ಮೇಲೆ ಹತ್ತು ಹನ್ನೆರಡು ದಿನ ರೋಗಾಣುವು ಅದರ ಒಡಲಲ್ಲಿ ಬಲಿಯುತ್ತದೆ. ಆಮೇಲೆ ಅದು ಕಚ್ಚಿದವರಿಗೆಲ್ಲ ಜ್ವರದ ಬೀಜವನ್ನು ಬಿತ್ತುತ್ತ ಹೋಗುತ್ತದೆ. ಕಚ್ಚಿಸಿಕೊಂಡವನಿಗೆ ಎರಡು ವಾರಗಳೊಳಗೆ ಸಾಮಾನ್ಯವಾಗಿ ಜ್ವರ ಕಾಣಿಸುವುದು. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ರೋಗಾಣುಗಳುಂಟು. ವೈವ್ಯಾಕ್ಸ್ ಎಂಬುದು ಯಕೃತ್ತಿನಲ್ಲಿ ಅವಿತುಕೊಂಡು ತಿಂಗಳುಗಟ್ಟಲೆ ನಿದ್ರಿಸಿ, ಸೊಳ್ಳೆ ಕಚ್ಚದೆಯೇ ಮತ್ತೆ ಏಳಬಲ್ಲುದು. ಫಾಲ್ಸಿಪೇರಮ್ ಎಂಬುದು ಮಿದುಳಿಗೇರಿ ಕೆಲವೇ ದಿನಗಳಲ್ಲಿ ಪ್ರಾಣವನ್ನೇ ಒಯ್ಯಬಲ್ಲುದು. ಎರಡಕ್ಕೂ ಔಷಧಗಳು ಬೇರೆ ಬೇರೆ. ವೈವ್ಯಾಕ್ಸಿಗೆ ಮೂರು ದಿನ ಕ್ಲೋರೋಕ್ವಿನ್, ಯಕೃತ್ತಿನಲ್ಲಿ ಮಲಗಿದ್ದುದನ್ನು ಕೊಲ್ಲಲು ಹದಿನಾಲ್ಕು ದಿನ ಪ್ರಿಮಾಕ್ವಿನ್. ಫಾಲ್ಸಿಪೇರಮ್‌ಗೆ ಆರ್ಟಿಮಿಸಿನಿನ್ ಕೂಡಿದ ಸಂಯುಕ್ತ ಔಷಧ. ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಕೂಸುಗಳಿಗೂ ಪ್ರಿಮಾಕ್ವಿನ್ ಕೊಡತಕ್ಕದ್ದಲ್ಲ. ಹೀಗಿರುವಲ್ಲಿ, ರಕ್ತವನ್ನು ನೋಡದೆ ಯಾವುದು ಯಾವುದೆಂದು ತಿಳಿಯುವ ಬಗೆಯೆಂತು? ಮೈ ಬಿಸಿಯನ್ನು ಮುಟ್ಟಿ ನೋಡಿ ಹೇಳಲು ಧನ್ವಂತರಿಗೂ ಸಾಧ್ಯವಾಗದು.

ಇನ್ನೊಂದು ಮಾತು. ಮೇಲಿಂದ ಮೇಲೆ ಜ್ವರ ಬಂದು ಒಗ್ಗಿದವನ ಮೈಯಲ್ಲಿ ರೋಗಾಣುವಿದ್ದರೂ ಜ್ವರವು ಕಾಣದೆ ಇರಬಹುದು. ಅವನು ಹೊಲಕ್ಕೆ ಹೋಗುತ್ತಾನೆ, ಉಣ್ಣುತ್ತಾನೆ, ನಗುತ್ತಾನೆ. ಆದರೆ ಅವನನ್ನು ಕಚ್ಚಿದ ಸೊಳ್ಳೆಯು ನೆರೆಮನೆಯ ತೊಟ್ಟಿಲಿಗೆ ಜ್ವರವನ್ನು ಒಯ್ಯುತ್ತದೆ. ಅದರಿಂದಲೇ, ಒಂದು ಮನೆಯಲ್ಲಿ ರೋಗವು ಸಿಕ್ಕರೆ ಸುತ್ತಣ ಮನೆಗಳವರೆಲ್ಲರ ರಕ್ತವನ್ನೂ ಕೇಳುತ್ತಾರೆ. ಇದು ಯಾರನ್ನೂ ಅನುಮಾನಿಸುವುದಕ್ಕಲ್ಲ, ಎಲ್ಲರನ್ನೂ ಕಾಯುವುದಕ್ಕೆ.

ಪರೀಕ್ಷೆಯ ಕ್ರಮವೋ ಅತಿ ಸುಲಭ. ಆಶಾ ಕಾರ್ಯಕರ್ತೆಯೋ ಆರೋಗ್ಯ ಸಹಾಯಕನೋ ಬಂದು, ಬೆರಳಿನ ತುದಿಯನ್ನು ಒರೆಸಿ, ಹೊಸ ಸೂಜಿಯಿಂದ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿಕೊಳ್ಳುವರು. ಅದು ಪ್ರಯೋಗಶಾಲೆಗೆ ಹೋಗಿ ಸೂಕ್ಷ್ಮದರ್ಶಕದ ಕೆಳಗೆ ಬರುವುದು. ದೂರದ ಊರುಗಳಿಗೆ ತ್ವರಿತ ಪರೀಕ್ಷೆಯ ಕಿಟ್ಟುಗಳೂ ಉಂಟು. ಅವು ಇಪ್ಪತ್ತು ನಿಮಿಷಗಳೊಳಗೆ ಫಲವನ್ನು ತಿಳಿಸುವುವು. ಸರಕಾರಿ ಕೇಂದ್ರಗಳಲ್ಲಿ ಇದಕ್ಕೆ ಕಾಸು ಕೊಡಬೇಕಾದುದಿಲ್ಲ, ಔಷಧಕ್ಕೂ ಇಲ್ಲ.

ಇಷ್ಟಿದ್ದೂ ಜನರು ಏಕೆ ಒಲ್ಲೆನೆನ್ನುವರು? ಅವರನ್ನು ಅಜ್ಞಾನಿಗಳೆಂದು ಜರಿದು ಸುಮ್ಮನಾಗುವುದು ಓದಿದವರಿಗೆ ಸುಲಭ. ಆದರೆ ಪ್ರತಿವಾದಿಯ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅವರ ಮಾತುಗಳನ್ನು ನಾವು ಕೇಳಿದ್ದೇವೆ. ಮೊದಲನೆಯವನು, “ತಿಂದ ಅನ್ನದಿಂದ ಆದ ರಕ್ತ, ಅದನ್ನೇಕೆ ಕೊಡಲಿ?” ಎನ್ನುವನು. ಸ್ವಾಮೀ, ಮುಳ್ಳು ಚುಚ್ಚಿದಾಗ ಹೋಗುವ ರಕ್ತವು ಇದಕ್ಕಿಂತ ಹೆಚ್ಚು. ಜ್ವರವು ಮಾತ್ರ ರಕ್ತದ ಕಣಗಳನ್ನೇ ಒಡೆದು ಹಾಕುತ್ತ ಹೋಗುತ್ತದೆ. ಎರಡು ಹನಿಗೆ ಜಿಪುಣತನ ಮಾಡಿದವನು ಮೈಯ ರಕ್ತವನ್ನೇ ಕಳ್ಳನಿಗೆ ಒಪ್ಪಿಸಿದಂತೆ. ಎರಡನೆಯವನು, “ಜ್ವರ ಬಿಟ್ಟಿತು, ಇನ್ನೇಕೆ?” ಎನ್ನುವನು. ಚಳಿಜ್ವರವು ಬಿಟ್ಟು ಬಿಟ್ಟು ಬರುವುದೇ ಅದರ ಸ್ವಭಾವ. ಬಿಟ್ಟಿತೆಂಬುದು ಹೋಯಿತೆಂಬುದಕ್ಕೆ ಸಾಕ್ಷಿಯಲ್ಲ. ಮೂರನೆಯವನು, “ಒಂದು ದಿನದ ಕೂಲಿ ಹೋಗುವುದು” ಎನ್ನುವನು. ಈ ಮಾತಿನಲ್ಲಿ ಸತ್ಯವಿದೆ. ಕೂಲಿಯವನು ಹೊಲದಲ್ಲಿರುವ ಹೊತ್ತಿನಲ್ಲಿ ಅವನ ಮನೆಯ ಬಾಗಿಲಿಗೆ ಹೋಗಿ ಬೀಗ ನೋಡಿ ತಿರುಗಿದರೆ ಪರೀಕ್ಷೆ ಆದಂತಾಗಲಿಲ್ಲ. ಮುಂಜಾನೆ ಅಥವಾ ಸಂಜೆ ಹೋಗುವಂತೆ ಏರ್ಪಾಡು ಮಾಡುವುದು ಇಲಾಖೆಯವರ ಧರ್ಮ. ಕೂಲಿಯನ್ನು ಮುರಿಯದೆ ಅರ್ಧ ಗಳಿಗೆ ಬಿಡುವು ಕೊಡುವುದು ಧಣಿಯ ಧರ್ಮ. ನಾಲ್ಕನೆಯವನು, “ಹೋದ ವರ್ಷ ರಕ್ತ ಕೊಟ್ಟೆ, ಏನಾಯಿತೆಂದು ಯಾರೂ ಹೇಳಲಿಲ್ಲ” ಎನ್ನುವನು. ಈ ದೂರಿಗೆ ನಮ್ಮ ಬಳಿ ಪ್ರತ್ಯುತ್ತರವಿಲ್ಲ, ಅವನು ಗೆದ್ದನು. ರಕ್ತವನ್ನು ಕೊಟ್ಟವನಿಗೆ ಫಲವನ್ನು ತಿಳಿಸದಿರುವುದು ಸಾಕ್ಷಿಯನ್ನು ಕರೆದು, ತೀರ್ಪನ್ನು ಅವನಿಂದ ಬಚ್ಚಿಟ್ಟಂತೆ. ರೋಗವಿಲ್ಲದಿದ್ದರೂ “ಇಲ್ಲ” ಎಂಬ ಒಂದು ಮಾತು ಅವನ ಮನೆಗೆ ತಲುಪಲೇಬೇಕು.

ಹಳ್ಳಿಯವರ ತಪ್ಪನ್ನು ಎಣಿಸಿದ ಮೇಲೆ ನಮ್ಮ ತಪ್ಪನ್ನೂ ಹೇಳದಿದ್ದರೆ ಈ ವೇದಿಕೆಗೆ ಅಪಚಾರವಾಗುವುದು. ಕೆಲವು ವರ್ಷಗಳ ಹಿಂದೆ ನಮ್ಮ ಹೊಲದ ಕೆಲಸಕ್ಕಿದ್ದ ತರುಣನೊಬ್ಬನು ಮಳೆಗಾಲದಲ್ಲಿ ದೂರದ ಪಟ್ಟಣಕ್ಕೆ ಕಟ್ಟಡದ ಕೆಲಸಕ್ಕೆಂದು ಹೋಗಿ ಚೌತಿಯ ಹಬ್ಬಕ್ಕೆ ಊರಿಗೆ ಬಂದನು. ಬಂದ ಮೂರನೆಯ ದಿನ ನಡುಕ ಹತ್ತಿತು. ನಾವು ದೊಡ್ಡ ತಿಳಿವಳಿಕೆಯವರಂತೆ ಅಂಗಡಿಯಿಂದ ಜ್ವರದ ಗುಳಿಗೆಗಳನ್ನು ತರಿಸಿಕೊಟ್ಟೆವು. ಆ ಸಂಜೆ ಆಶಾ ಕಾರ್ಯಕರ್ತೆಯು ಬಂದು, “ಎರಡು ಹನಿ ರಕ್ತ ತೆಗೆದುಕೊಳ್ಳುತ್ತೇನೆ, ವಕೀಲರೇ” ಎಂದಳು. “ಈಗ ತಾನೇ ನಿದ್ದೆ ಹತ್ತಿದೆ, ನಾಳೆ ಬಾರಮ್ಮ” ಎಂದು ನಾವೇ ಹಿಂದಕ್ಕೆ ಕಳಿಸಿದೆವು. ಮರುದಿನ ಅವನ ಜ್ವರ ಇಳಿದಿತ್ತು. ಅವನು ಹೊಲಕ್ಕೆ ಹೋಗಿದ್ದನು. ಅವಳು ಬಂದು ಬರಿಗೈಯಲ್ಲಿ ತಿರುಗಿದಳು. ನಾವೂ ಅದನ್ನು ಮರೆತೆವು.

ದಸರೆಯ ಹೊತ್ತಿಗೆ ಅವನ ನಾಲ್ಕು ವರ್ಷದ ಮಗಳಿಗೂ ಆರು ತಿಂಗಳ ಗರ್ಭಿಣಿಯಾಗಿದ್ದ ಹೆಂಡತಿಗೂ ಜ್ವರ ಬಂದಿತು. ತಾಲೂಕಿನ ಆಸ್ಪತ್ರೆಯಲ್ಲಿ ಇಬ್ಬರ ರಕ್ತದಲ್ಲಿಯೂ ಫಾಲ್ಸಿಪೇರಮ್ ಸಿಕ್ಕಿತು. ಆಮೇಲೆ ನೋಡಲು ಅವನ ರಕ್ತದಲ್ಲಿಯೂ ಸಿಕ್ಕಿತು. ಮಗು ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದು ದೈವಕೃಪೆಯಿಂದ ಉಳಿಯಿತು. ತಾಯಿಯೂ ಉಳಿದಳು, ಆದರೆ ಗರ್ಭದಲ್ಲಿದ್ದ ಕೂಸು ಉಳಿಯಲಿಲ್ಲ. ಆ ದಂಪತಿಗಳು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅವರು ಅಂದಿದ್ದರೆ ಮನಸ್ಸು ಸ್ವಲ್ಪ ಹಗುರವಾಗುತ್ತಿತ್ತು. “ನಾಳೆ ಬಾರಮ್ಮ” ಎಂಬ ಮಾತಿಗೆ ಯಾವ ದಂಡಸಂಹಿತೆಯಲ್ಲಿಯೂ ಶಿಕ್ಷೆಯಿಲ್ಲ. ಆದರೆ ಅಂದಿನಿಂದ ಆ ಹೆಣ್ಣುಮಗಳು ನಮ್ಮ ಅಂಗಳಕ್ಕೆ ಬಂದರೆ ನಾವು ಎದ್ದು ನಿಲ್ಲುತ್ತೇವೆ. ನಾವು ಇಂದು ಇಲ್ಲಿ ಮಾತನಾಡಲು ಒಪ್ಪಿದುದಕ್ಕೆ ಇದೇ ನಿಜವಾದ ಕಾರಣ.

ಆದುದರಿಂದ ಮಾಡತಕ್ಕ ಕೆಲಸಗಳನ್ನು ಒಂದೊಂದಾಗಿ ಹೇಳಿ ನಮ್ಮ ಮಾತನ್ನು ಮುಗಿಸುವೆವು.

ಉಪಾಧ್ಯಾಯರು ಹಾಜರಿಯ ಪುಸ್ತಕವನ್ನು ದಿನವೂ ಬರೆಯುತ್ತಾರಷ್ಟೆ. ಜ್ವರದಿಂದ ಬಾರದ ಮಗುವಿನ ಹೆಸರನ್ನು ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸುವ ಪದ್ಧತಿಯನ್ನಿಟ್ಟರೆ ಊರಿನ ಜ್ವರದ ಲೆಕ್ಕವು ಯಾವ ಖರ್ಚೂ ಇಲ್ಲದೆ ದೊರೆಯುವುದು. ಪಾಠದ ಜೊತೆಗೆ ಮಕ್ಕಳಿಗೆ ಸೊಳ್ಳೆಯ ಮರಿಗಳನ್ನು ಗಾಜಿನ ಲೋಟದಲ್ಲಿ ತೋರಿಸಿರಿ. ನೀರಿನಲ್ಲಿ ಕುಣಿಯುವ ಹುಳುವೇ ಹತ್ತು ದಿನದೊಳಗೆ ರೆಕ್ಕೆ ಪಡೆದು ಹಾರುವುದೆಂದು ಕಣ್ಣಾರೆ ಕಂಡ ಹುಡುಗನು ಮನೆಯ ತೊಟ್ಟಿಯನ್ನು ವಾರಕ್ಕೊಮ್ಮೆ ತಾನೇ ತಿಕ್ಕಿ ಒಣಗಿಸುವನು. ನಾವು ಭಾಷಣ ಮಾಡಿ ಒಪ್ಪಿಸಲಾಗದ ತಂದೆತಾಯಿಗಳನ್ನು ಅವನು ಹಟಮಾಡಿ ಒಪ್ಪಿಸುವನು.

ಊರ ಹಿರಿಯರೂ ಪಂಚಾಯತಿಯ ಸದಸ್ಯರೂ ರಕ್ತಪರೀಕ್ಷೆಯ ದಿನ ಮೊದಲು ತಾವೇ ಬೆರಳು ಚಾಚಬೇಕು, ತಮ್ಮ ಮಕ್ಕಳ ಬೆರಳನ್ನು ಚಾಚಿಸಬೇಕು. ದೊಡ್ಡವರ ಮನೆಗೆ ಹೋಗದೆ ಕೇರಿಯ ಕಡೆಗೆ ಮಾತ್ರ ಸೂಜಿ ಹಿಡಿದು ಹೋದರೆ ಜನರು ಸಂಶಯಪಡುವುದು ಸಹಜ. ಸೊಳ್ಳೆಗೆ ಜಾತಿಯಿಲ್ಲ, ಮತವಿಲ್ಲ; ಪರೀಕ್ಷೆಗೂ ಇರಬಾರದು. ಕೇರಿ, ತಾಂಡ, ಹಾಡಿ, ದೊಡ್ಡಿ, ಒಂದೂ ಬಿಟ್ಟುಹೋಗಬಾರದು.

ತೋಟದ ಧಣಿಗಳಿಗೂ ಗುತ್ತಿಗೆದಾರರಿಗೂ ಒಂದು ಮಾತು. ಕಲಬುರಗಿ, ಯಾದಗಿರಿ, ರಾಯಚೂರುಗಳ ನಮ್ಮ ಜನರು ದುಡಿಮೆಗಾಗಿ ಬೆಂಗಳೂರು, ಮುಂಬಯಿ, ಗೋವೆಗಳಿಗೆ ಹೋಗಿ ಬರುತ್ತಾರೆ. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಅಸ್ಸಾಮಿನಂಥ ದೂರದ ಸೀಮೆಗಳಿಂದ ಕೂಲಿಗಳು ಬರುತ್ತಾರೆ. ಬಂದವರನ್ನು ಜ್ವರ ತಂದವರೆಂದು ದೂಷಿಸಬೇಡಿರಿ. ದೂಷಿಸಿದರೆ ಅವರು ಜ್ವರವನ್ನು ಬಚ್ಚಿಡುವರು. ಬಚ್ಚಿಟ್ಟ ಜ್ವರವೇ ಊರನ್ನು ಹಾಳುಮಾಡುವುದು. ಬಂದ ಮೊದಲ ವಾರದಲ್ಲಿಯೇ ಅವರ ರಕ್ತವನ್ನು ನೋಡಿಸಿ, ಮಲಗಲು ಸೊಳ್ಳೆಪರದೆಯನ್ನು ಕೊಡಿಸಿರಿ. ದುಡಿಮೆಗೆಂದು ಹೋಗಿ ಹಬ್ಬಕ್ಕೆ ತಿರುಗಿದ ನಮ್ಮ ಮಕ್ಕಳಿಗೂ ಇದೇ ನಿಯಮ.

ಮನೆಯ ತಾಯಂದಿರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಜ್ವರ ಬಂದ ದಿನವೇ ರಕ್ತವನ್ನು ತೋರಿಸಿರಿ, ಹದಿನಾಲ್ಕು ದಿನದ ಗುಳಿಗೆಯನ್ನು ಹದಿನಾಲ್ಕು ದಿನವೂ ನುಂಗಿಸಿರಿ. ನಾಲ್ಕನೆಯ ದಿನ ಗುಣವಾಯಿತೆಂದು ಉಳಿದುದನ್ನು ಗೂಡಿನಲ್ಲಿಟ್ಟರೆ ರೋಗವೂ ಮೈಯೊಳಗೆ ಗೂಡು ಕಟ್ಟಿಕೊಳ್ಳುವುದು.

ಮಹನೀಯರೇ, ಕಾನೂನಿನ ಬಲವನ್ನು ನಾವು ಬಲ್ಲೆವು. ಅದರ ಮಿತಿಯನ್ನೂ ಬಲ್ಲೆವು. ಕಾನೂನು ಮನೆಯ ಬಾಗಿಲವರೆಗೆ ಬರಬಲ್ಲುದು. ಒಳಗಿದ್ದವನು ತಾನಾಗಿ ಎದ್ದು ಬಂದು ಕೈ ಮುಂದೆ ಮಾಡುವಂತೆ ಮಾಡುವುದು ನೆರೆಹೊರೆಯ ವಿಶ್ವಾಸವೊಂದೇ. ಆ ವಿಶ್ವಾಸವನ್ನು ಸಂಪಾದಿಸಿದವರು ಈ ಸಭೆಯಲ್ಲಿ ಬಹುಮಂದಿ ಇದ್ದೀರಿ. ಹನಿ ಹನಿ ಕೂಡಿದರೆ ಹಳ್ಳವೆಂದು ಹಿರಿಯರು ಹೇಳಿದರು. ಊರಿನವರೆಲ್ಲ ಕೊಟ್ಟ ಹನಿಗಳು ಕೂಡಿದಾಗ ಈ ಊರಲ್ಲಿ ಚಳಿಜ್ವರವಿಲ್ಲವೆಂಬ ಸಾಕ್ಷ್ಯವು ಪೂರ್ಣವಾಗುವುದು. ನಾಳೆ ನಸುಕಿನಲ್ಲಿ ಆಶಾ ಕಾರ್ಯಕರ್ತೆಯು ತಮ್ಮ ಬಾಗಿಲಿಗೆ ಬಂದಾಗ, ನಾವು ಒಮ್ಮೆ ಹೇಳಿದ ಮಾತನ್ನು ತಾವಾರೂ ಹೇಳಬೇಡಿರೆಂದು ಕೈಮುಗಿದು ಬೇಡಿಕೊಂಡು ವಿರಮಿಸುವೆವು.